ಸುರಂಗ ರಸ್ತೆಯ ಲೆಕ್ಕ: ನಾಲ್ಕು ವಾದಗಳಿಗೆ ಉತ್ತರ

ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆ ಕೊರೆಯುವ ಯೋಜನೆಯನ್ನು ಪ್ರಶ್ನಿಸಿದವರಿಗೆಲ್ಲ ‘ಅಭಿವೃದ್ಧಿ ವಿರೋಧಿ’ ಎಂಬ ಹಣೆಪಟ್ಟಿ ಸಿಗುತ್ತಿದೆ. ಹಣೆಪಟ್ಟಿಗೆ ಉತ್ತರ ಬೇಕಿಲ್ಲ. ಯೋಜನೆಯ ಪರ ವಾದಗಳಿಗೆ ಬೇಕು. ಅವೆಲ್ಲ ಒಂದೇ ಕಂಬಕ್ಕೆ ಒರಗಿ ನಿಂತಿವೆ: ಮುಂದೆ ಇಷ್ಟು ವಾಹನ ಓಡಾಡುತ್ತವೆ ಎಂಬ ಅಂದಾಜು.

1. ‘ನಗರದಲ್ಲಿ ಕೋಟಿಗೂ ಹೆಚ್ಚು ವಾಹನಗಳಿವೆ, ರಸ್ತೆ ಬೇಡವೇ?’

ನೋಂದಣಿಯ ಅಂಕಿ ಸುಳ್ಳಲ್ಲ. ಆದರೆ ಅದರಲ್ಲಿ ಮೂರರಲ್ಲಿ ಎರಡು ಪಾಲು ದ್ವಿಚಕ್ರ ವಾಹನಗಳು. ಅವುಗಳಿಗೆ ಈ ಸುರಂಗದಲ್ಲಿ ಪ್ರವೇಶವಿಲ್ಲ ಎನ್ನುತ್ತದೆ ಯೋಜನೆ. ಒಳಗೆ ಬಿಡದ ಸ್ಕೂಟರನ್ನು ಸಮರ್ಥನೆಗೆ ಮಾತ್ರ ಎಣಿಸಿಕೊಳ್ಳುವುದು ಯಾವ ನ್ಯಾಯ? ಬೇಡಿಕೆ ಎಂದರೆ ಆರ್‌ಟಿಒ ಪಟ್ಟಿಯಲ್ಲ. ಯಾರು, ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿನಲ್ಲಿ, ಎಷ್ಟು ಖರ್ಚು ಮಾಡಿ ಹೋಗುತ್ತಾರೆ ಎಂಬುದು ಬೇಡಿಕೆ.

2. ‘ತಜ್ಞರು ಕಂಪ್ಯೂಟರ್ ಮಾಡೆಲ್‌ನಲ್ಲಿ ಲೆಕ್ಕ ಹಾಕಿದ್ದಾರೆ.’

ಲೆಕ್ಕಕ್ಕೆ ಏನು ಹಾಕಿದರು ಎಂಬುದೇ ಪ್ರಶ್ನೆ. ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವ ನಾಲ್ಕು ಹಂತದ ಮಾಡೆಲ್ ರೂಪುಗೊಂಡದ್ದು 1950ರ ದಶಕದ ಡೆಟ್ರಾಯಿಟ್, ಶಿಕಾಗೊ ಅಧ್ಯಯನಗಳಲ್ಲಿ. ಎಷ್ಟು ಪ್ರಯಾಣ, ಎಲ್ಲಿಂದ ಎಲ್ಲಿಗೆ, ಯಾವ ವಾಹನದಲ್ಲಿ, ಯಾವ ದಾರಿಯಲ್ಲಿ ಎಂದು ಅದು ಒಂದೊಂದಾಗಿ ಲೆಕ್ಕ ಹಾಕುತ್ತದೆ. ಆದರೆ ಹೊಸ ರಸ್ತೆಯಿಂದ ಉಳಿಯುವ ಸಮಯವೇ ಮತ್ತೆ ಮೊದಲ ಹಂತಕ್ಕೆ ಮರಳಿ, ಜನ ಇನ್ನೂ ದೂರ ಮನೆ ಮಾಡುವುದನ್ನೂ ಬಸ್ಸು ಬಿಟ್ಟು ಕಾರು ಹಿಡಿಯುವುದನ್ನೂ ಹೆಚ್ಚಿಸುತ್ತದೆ. ಪ್ರಯಾಣಗಳ ಸಂಖ್ಯೆಯನ್ನು ಮೊದಲೇ ಬಿಗಿಮಾಡಿಟ್ಟ ಲೆಕ್ಕಕ್ಕೆ ಇದು ಕಾಣುವುದಿಲ್ಲ. ಹೊಸ ರಸ್ತೆ ದಟ್ಟಣೆಯ ಹೊತ್ತಿನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ ಎಂದು ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1962ರಲ್ಲೇ ಬರೆದರು. ಅಮೆರಿಕದ ನಗರಗಳಲ್ಲಿ ಹೆದ್ದಾರಿ ಲೇನ್‌ಗಳು ಹೆಚ್ಚಿದ ಪ್ರಮಾಣದಲ್ಲೇ ವಾಹನ ಓಡಾಟವೂ ಹೆಚ್ಚುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಡುರಾಂಟನ್ ಮತ್ತು ಟರ್ನರ್ 2011ರಲ್ಲಿ ಅಂಕಿಗಳಿಂದ ತೋರಿಸಿದರು.

3. ‘ಖಾಸಗಿಯವರ ಬಂಡವಾಳ, ಅಂದಾಜು ತಪ್ಪಿದರೆ ನಷ್ಟ ಅವರದು.’

ರಸ್ತೆ ತುಂಬುತ್ತದೆ ಎಂದಿರಲ್ಲ, ಮತ್ತೆ ನಷ್ಟದ ಮಾತೇಕೆ ಎನ್ನಬಹುದು. ಪುಕ್ಕಟೆ ರಸ್ತೆ ತುಂಬುತ್ತದೆ. ದುಬಾರಿ ಟೋಲ್ ಇದ್ದರೆ ಖಾಲಿ ಬೀಳುತ್ತದೆ. ಮೊದಲನೆಯದಕ್ಕೆ ಮೇಲೆ ಹೇಳಿದ ಅಮೆರಿಕದ ನಗರಗಳು ಉದಾಹರಣೆ, ಎರಡನೆಯದಕ್ಕೆ ಆಸ್ಟ್ರೇಲಿಯದ ಈ ಟೋಲ್ ಸುರಂಗಗಳು. ಸಿಡ್ನಿಯ ಕ್ರಾಸ್ ಸಿಟಿ ಸುರಂಗ 2005ರಲ್ಲಿ ತೆರೆದಾಗ ದಿನಕ್ಕೆ ಸುಮಾರು 90 ಸಾವಿರ ವಾಹನಗಳ ನಿರೀಕ್ಷೆಯಿತ್ತು. ಬಂದದ್ದು ಅದರ ಮೂರನೆಯ ಒಂದಂಶದಷ್ಟು. 2006ರ ಡಿಸೆಂಬರಿನಲ್ಲಿ ಕಂಪನಿ ಸಾಲ ಕೊಟ್ಟವರ ಕೈಸೇರಿತು. ಬ್ರಿಸ್ಬೇನ್‌ನ ಕ್ಲೆಮ್7 ಸುರಂಗ 2010ರ ಮಾರ್ಚ್‌ನಲ್ಲಿ ತೆರೆಯಿತು, ಮರುವರ್ಷ ಫೆಬ್ರುವರಿಯಲ್ಲಿ ಅದರ ಕಂಪನಿಯೂ ಕುಸಿಯಿತು. ಅಂದಾಜು ಕೊಟ್ಟ ಸಲಹಾ ಸಂಸ್ಥೆ ಎಇಕಾಮ್ 2015ರಲ್ಲಿ 28 ಕೋಟಿ ಆಸ್ಟ್ರೇಲಿಯನ್ ಡಾಲರ್ ತೆತ್ತು ದಾವೆ ಮುಗಿಸಿಕೊಂಡಿತು. ಅಂಥ ಉತ್ತರದಾಯಿತ್ವ ನಮ್ಮಲ್ಲಿ ಯಾವ ಕರಾರಿನಲ್ಲಿದೆ? ಇನ್ನು, ಸರ್ಕಾರದ ಪಾಲಿನ ಹಣ ಬೆರೆತ ಮೇಲೆ ನಷ್ಟ ಖಾಸಗಿಯವರದಷ್ಟೇ ಅಲ್ಲ.

4. ‘ಮೆಟ್ರೊ ಅಂದಾಜೂ ಸುಳ್ಳಾಯಿತಲ್ಲ, ಅದನ್ನೇಕೆ ಕೇಳುವುದಿಲ್ಲ?’

ಕೇಳಲೇಬೇಕು. 2011ರ ಹೊತ್ತಿಗೆ ದಿನಕ್ಕೆ 10 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಎಂದಿತ್ತು ನಮ್ಮ ಮೆಟ್ರೊದ ಮೊದಲ ಹಂತದ ಯೋಜನಾ ವರದಿ. ಆ ಗಡಿ ದಾಟಿದ್ದು 2025ರ ಆಗಸ್ಟ್‌ನಲ್ಲಿ, ಜಾಲ ಸುಮಾರು 96 ಕಿ.ಮೀ. ಆದ ಮೇಲೆ. ಅದೇ ವರ್ಷ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಪ್ರಯಾಣಿಕರು ಕಡಿಮೆಯಾದರು. ಸಂಶೋಧಕ ಬೆಂಟ್ ಫ್ಲೂಬಿಯಾರ್ ಮತ್ತು ಸಂಗಡಿಗರು 14 ದೇಶಗಳ 210 ಯೋಜನೆಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತರಲ್ಲಿ ಒಂಬತ್ತು ರೈಲು ಯೋಜನೆಗಳ ಅಂದಾಜು ಅತಿಯಾಗಿತ್ತು. ರಸ್ತೆ ಯೋಜನೆಗಳಲ್ಲಿ ಅರ್ಧದಷ್ಟು ಶೇ 20ಕ್ಕಿಂತ ಹೆಚ್ಚು ತಪ್ಪಿದ್ದವು. ಇದರಿಂದ ಸುರಂಗಕ್ಕೆ ವಿನಾಯಿತಿ ಸಿಗುವುದಿಲ್ಲ. ದರ, ಕೊನೆಯ ಮೈಲಿಯ ಬಸ್ಸು, ಕಾಲುದಾರಿ ಬದಲಾದರೆ ಬೇಡಿಕೆಯೂ ಬದಲಾಗುತ್ತದೆ ಎಂಬುದಕ್ಕೆ ಮೆಟ್ರೊದ ಅನುಭವವೇ ಪುರಾವೆ. ಬೇಡಿಕೆ ವಿಧಿಬರಹವಲ್ಲ, ನೀತಿಯ ಫಲ.

ಹಾಗಾದರೆ ಅಂದಾಜೇ ಬೇಡವೇ? ಬೇಕು, ಬಯಲಿನಲ್ಲಿ ಬೇಕು. ಜನಸಂಖ್ಯೆ, ಉದ್ಯೋಗ, ಟೋಲ್ ದರದ ಊಹೆಗಳನ್ನು ಪ್ರಕಟಿಸಲಿ. ಟೋಲ್ ಅರ್ಧವಾದರೆ, ಇಮ್ಮಡಿಯಾದರೆ ಏನು ಎಂದು ತೋರಿಸಲಿ. ಅಷ್ಟೇ ಹಣವನ್ನು ಬಿಎಂಟಿಸಿ ಬಸ್ಸಿಗೆ, ಉಪನಗರ ರೈಲಿಗೆ, ಇದೇ ಹೆಬ್ಬಾಳಕ್ಕೆ ಬರಬೇಕಿರುವ ಸರ್ಜಾಪುರ ಮೆಟ್ರೊ ಮಾರ್ಗಕ್ಕೆ ಹಾಕಿದರೆ ಎಷ್ಟು ಜನ ಓಡಾಡಬಹುದು ಎಂಬ ಲೆಕ್ಕವನ್ನೂ ಪಕ್ಕದಲ್ಲಿಡಲಿ. ಯೋಜನೆಯಿಂದ ಲಾಭವಿಲ್ಲದ ತಜ್ಞರು ಅದನ್ನು ಪರಿಶೀಲಿಸಲಿ. ಅಷ್ಟಾಗುವವರೆಗೆ ಸಾವಿರಾರು ಕೋಟಿಯ ಈ ಯೋಜನೆಗೆ ಸಹಿ ಬೀಳಬಾರದು.