ಕೊಳ್ಳುವುದಾದರೆ ಹಗುರವಾದುದನ್ನೇ ಕೊಳ್ಳು

ಕಳೆದ ತಿಂಗಳು ನನ್ನ ತಂಗಿ ದೂರವಾಣಿ ಮಾಡಿ, “ಅಣ್ಣಾ, ನಿನ್ನ ಮಾತಾದ್ರೆ ಅವನು ಕೇಳ್ತಾನೆ. ಬೇಡ ಅಂತ ಹೇಳಿಬಿಡು” ಎಂದಳು. ‘ಅವನು’ ಎಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೆಲೆಸಿರುವ ನನ್ನ ಸೋದರಳಿಯ. ಅವಳು ಬೇಡವೆನ್ನುತ್ತಿದ್ದುದು ಅವನು ಕೊಳ್ಳಲು ಹೊರಟಿದ್ದ ಹಳೆಯ ಸ್ಪೋರ್ಟ್ಸ್ ಕಾರನ್ನು. ಕಚೇರಿಗೆ ಹೋಗಿಬರಲು ಒಂದು ಕಾರು ಇರುವಾಗ, ರೇಸ್ ಟ್ರ್ಯಾಕಿನಲ್ಲಿ ಓಡಿಸುವುದಕ್ಕೆಂದೇ ಇನ್ನೊಂದು! ತಂಗಿಯ ಯಜಮಾನರು 1998ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದನ್ನು ಬಲ್ಲ ಬಂಧುಗಳಿಗೆ ಅವಳ ಭಯವನ್ನು ನಾನು ವಿವರಿಸಬೇಕಾಗಿಲ್ಲ. ಆದರೂ ನಾನು ಅವನಿಗೆ ‘ಬೇಡ’ ಎನ್ನಲಿಲ್ಲ. ಏಕೆ ಎನ್ನಲಿಲ್ಲ, ಅದಕ್ಕೆ ಬದಲಾಗಿ ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

2023ರಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಳಿಯ ನನ್ನನ್ನು ಮಾಂಟೆರೆ ಬಳಿಯ ಲಗೂನಾ ಸೆಕಾ ಟ್ರ್ಯಾಕಿಗೆ ಕರೆದೊಯ್ದಿದ್ದ. 1957ರಲ್ಲಿ ಆರಂಭವಾದ ಈ ಟ್ರ್ಯಾಕಿನ ಉದ್ದ ಸುಮಾರು 3.6 ಕಿಲೋಮೀಟರು, ತಿರುವುಗಳು ಹನ್ನೊಂದು. ‘ಕಾರ್ಕ್‌ಸ್ಕ್ರೂ’ ಎಂಬ ತಿರುವಿನಲ್ಲಿ ನೆಲವು ಐದಂತಸ್ತಿನ ಕಟ್ಟಡದಷ್ಟು ಕೆಳಕ್ಕೆ ಜಾರುತ್ತದೆ. ಅಂದು ನಡೆದದ್ದು ಪಂದ್ಯವಲ್ಲ, ‘ಟ್ರ್ಯಾಕ್ ಡೇ’. ಶುಲ್ಕ ಕಟ್ಟಿದವರು ತಮ್ಮ ತಮ್ಮ ಕಾರುಗಳನ್ನು ಓಡಿಸಿ ಕಲಿಯುವ ದಿನ. ಕಲಿಯುವವರನ್ನು ಅನುಭವಕ್ಕೆ ತಕ್ಕಂತೆ ಗುಂಪುಗಳಾಗಿ ವಿಂಗಡಿಸಿ, ಸರದಿಯ ಮೇಲೆ ಇಪ್ಪತ್ತು ಇಪ್ಪತ್ತು ನಿಮಿಷ ಬಿಡುತ್ತಾರೆ. ಹೊಸಬರ ಪಕ್ಕದಲ್ಲಿ ಬೋಧಕರು ಕುಳಿತಿರುತ್ತಾರೆ. ಮುಂದಿನವನು ಕೈಸನ್ನೆ ಮಾಡಿ ದಾರಿ ಕೊಟ್ಟರೆ ಮಾತ್ರ ಹಿಂದಿನವನು ದಾಟಬಹುದು. ಮೂವತ್ತು ವರ್ಷ ತರಗತಿ ನಡೆಸಿದ ನನಗೆ ಅಷ್ಟು ಶಿಸ್ತಿನ ತರಗತಿಯನ್ನು ಕಂಡು ಸಂತೋಷವೇ ಆಯಿತು. ಎದುರಿನಿಂದ ಲಾರಿ ಬರುವುದಿಲ್ಲ. ತಿರುವಿನಾಚೆ ಶಾಲೆ ಬಿಟ್ಟ ಮಕ್ಕಳಿರುವುದಿಲ್ಲ. ಹೆದ್ದಾರಿಯಲ್ಲಿ ವೇಗಕ್ಕಾಗಿ ಎರಡು ಬಾರಿ ದಂಡ ತೆತ್ತಿರುವ ಹುಡುಗ ಆ ಹುಚ್ಚನ್ನು ಎಲ್ಲಿಯಾದರೂ ತೀರಿಸಿಕೊಳ್ಳಲೇಬೇಕೆಂದಿದ್ದರೆ, ಅದು ಇಲ್ಲಿಯೇ ಆಗಲಿ ಎಂಬುದು ನನ್ನ ನಿಲುವು.

ಆದರೆ ಯಾವ ಕಾರು? ಅವನ ಮುಂದೆ ಎರಡಿದ್ದವು. ಒಂದು, 2000ನೇ ಇಸವಿಯ ಷೆವ್ರೊಲೆ ಕಾರ್ವೆಟ್: 345 ಅಶ್ವಶಕ್ತಿ, ತೂಕ ಸುಮಾರು 1450 ಕಿಲೋ. ಇನ್ನೊಂದು, 1999ರ ಮಾಜ್ದಾ ಮಿಯಾಟಾ: 140 ಅಶ್ವಶಕ್ತಿ, ತೂಕ ಸುಮಾರು 1050 ಕಿಲೋ. ಅವನ ಮನಸ್ಸು ಮೊದಲನೆಯದರ ಮೇಲೆ. “ಮಾವ, ಇಷ್ಟು ದುಡ್ಡಿಗೆ ಇಷ್ಟು ಪವರ್ ಬೇರೆಲ್ಲೂ ಸಿಗಲ್ಲ” ಎಂದ. ಮಾತು ಸುಳ್ಳಲ್ಲ. ಆದರೆ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ.

ನನ್ನ ಶಿಷ್ಯರೆಲ್ಲ ಚಲನಶಕ್ತಿಯ ಪಾಠವನ್ನು ನೆನಪಿಸಿಕೊಳ್ಳಲಿ: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಮಿಯಾಟಾ ನೇರ ದಾರಿಯ ಕೊನೆಯಲ್ಲಿ ಗಂಟೆಗೆ 160 ಕಿಲೋಮೀಟರು ವೇಗದಲ್ಲಿದ್ದು, ತಿರುವಿಗಾಗಿ 80ಕ್ಕೆ ಇಳಿಯಬೇಕೆನ್ನೋಣ. ಬ್ರೇಕುಗಳು ಸುಮಾರು 780 ಕಿಲೋಜೂಲು ಶಕ್ತಿಯನ್ನು ಶಾಖವಾಗಿ ನುಂಗಬೇಕು. ಅದೇ ದಾರಿಯಲ್ಲಿ ಬಲಶಾಲಿ ಕಾರು 190 ಮುಟ್ಟಿರುತ್ತದೆ ಎಂದಿಟ್ಟುಕೊಂಡರೆ, ಅದನ್ನು 80ಕ್ಕೆ ತರಲು 1660 ಕಿಲೋಜೂಲು. ಎರಡು ಪಟ್ಟಿಗೂ ಮಿಗಿಲು! ಅದೂ ಪ್ರತಿ ಸುತ್ತಿನಲ್ಲಿ, ಹಲವು ತಿರುವುಗಳಲ್ಲಿ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ; ಗಾಳಿಯ ತೇವವನ್ನು ಹೀರಿಕೊಂಡ ಮೇಲಿನ ಕನಿಷ್ಠ ಮಿತಿ 155 ಮಾತ್ರ. ಅದು ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ದ್ರವ ಅದುಮಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಆದುದರಿಂದ ಹಗುರವಾದ ಕಾರು ಕೇವಲ ಅಗ್ಗದ ಕಾರಲ್ಲ, ಕಲಿಯುವವನ ತಪ್ಪನ್ನು ಮನ್ನಿಸುವ ಕಾರು. ಟೈರು, ಬ್ರೇಕ್ ಪ್ಯಾಡುಗಳೂ ಅದರಲ್ಲಿ ಹೆಚ್ಚು ದಿನ ಬಾಳುತ್ತವೆ.

ಇನ್ನೊಂದು ಮಾತು. ಬಲಶಾಲಿ ಕಾರು ತಿರುವಿನಲ್ಲಾದ ತಪ್ಪನ್ನು ನೇರ ದಾರಿಯಲ್ಲಿ ಮುಚ್ಚಿಹಾಕುತ್ತದೆ. ಬಲ ಕಡಿಮೆಯಿದ್ದಾಗ ತಪ್ಪು ಆ ಕೂಡಲೇ ತಿಳಿಯುತ್ತದೆ. ತಿಳಿದರೆ ತಾನೇ ತಿದ್ದಿಕೊಳ್ಳುವುದು? ಉತ್ತರವನ್ನು ಪಕ್ಕದವನಿಂದ ನಕಲು ಮಾಡಿದ ಹುಡುಗ ಪಾಸಾಗಬಹುದು, ಲೆಕ್ಕ ಕಲಿಯಲಾರ.

ನಮ್ಮ ತಂದೆಯವರು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಕೊಂಬಿಗೆ ಬಳಿದ ಬಣ್ಣವನ್ನು ನೋಡುತ್ತಿರಲಿಲ್ಲ. ಹಲ್ಲು ನೋಡಿ, ಗೊರಸು ನೋಡಿ, ನಡೆಸಿ ನೋಡಿದ ಮೇಲೆಯೇ ಬೆಲೆಯ ಮಾತು. ಹಳೆಯ ಕಾರಿಗೂ ಅದೇ ನ್ಯಾಯ. ಸರ್ವೀಸ್ ಮಾಡಿಸಿದ ರಸೀದಿಗಳಿವೆಯೇ? ಹಿಂಚಕ್ರದ ಮುಂದೆ, ಬಾಗಿಲ ಕೆಳಗಿನ ತಗಡಿಗೆ ತುಕ್ಕು ಹಿಡಿದಿದೆಯೇ? ಬಾಗಿಲು, ಬಾನೆಟ್ಟುಗಳ ಸಂದು ಎರಡೂ ಕಡೆ ಸಮನಾಗಿದೆಯೇ, ಇಲ್ಲ ಎಲ್ಲೋ ಗುದ್ದಿ ರಿಪೇರಿಯಾದ ಗಾಡಿಯೇ? ಟೈರಿನ ಬದಿಯಲ್ಲಿರುವ ನಾಲ್ಕು ಅಂಕೆಗಳನ್ನೂ ಓದಬೇಕು. 1418 ಎಂದಿದ್ದರೆ 2018ರ ಹದಿನಾಲ್ಕನೇ ವಾರದಲ್ಲಿ ತಯಾರಾದದ್ದು. ಗೆರೆ ಎಷ್ಟೇ ಆಳವಾಗಿದ್ದರೂ ಹಳೆಯ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಕಡೆಗೆ, ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ಕಿಗೆ ಹಣ ಕೊಟ್ಟು, ಇಂಜಿನ್ನಿನ ಕಂಪ್ರೆಷನ್ ಅಳೆಸಿ ನೋಡಬೇಕು. ಆ ಖರ್ಚಿಗೆ ಜಿಪುಣತನ ಸಲ್ಲದು.

ನನ್ನ ವಾದಕ್ಕೆ ಆಕ್ಷೇಪವೂ ಉಂಟು. ಆ ಮಿಯಾಟಾ ಮೇಲ್ಛಾವಣಿ ತೆರೆಯುವ ಕಾರು. ಮಗುಚಿದರೆ ತಲೆಗೆ ರಕ್ಷಣೆಯಿಲ್ಲ. ಜಾರುವಿಕೆಯನ್ನು ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಅದರಲ್ಲಿಲ್ಲ. ಅಮೆರಿಕದಲ್ಲಿ ಅದು ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2012ರ ಮಾದರಿಗಳಿಂದ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದ್ದರಿಂದಲೇ ಅವನಿಗೆ ಹೇಳಿದೆ: ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯಬೇಡ. ಒಂದು ಪಾಲನ್ನು ಆಸನದ ಹಿಂದೆ ಕೂರಿಸುವ ಉಕ್ಕಿನ ರೋಲ್ ಬಾರ್, ಒಳ್ಳೆಯ ಹೆಲ್ಮೆಟ್, ಹೊಸ ಬ್ರೇಕ್ ಆಯಿಲ್, ಪ್ಯಾಡುಗಳಿಗೆ ತೆಗೆದಿಡು. ಇನ್ನೊಂದು ಪಾಲನ್ನು ಬೋಧಕರಿಗೆ ಇಡು. ಸಾಮಾನ್ಯ ಕಾರು ವಿಮೆ ಟ್ರ್ಯಾಕಿನಲ್ಲಾದ ನಷ್ಟವನ್ನು ಬಹುಮಟ್ಟಿಗೆ ಭರಿಸುವುದಿಲ್ಲ. ನಿನ್ನ ಪಾಲಿಸಿಯ ಷರತ್ತುಗಳನ್ನು ಪೂರ್ತಿ ಓದು. ಗೋಡೆಗೆ ಗುದ್ದಿ ಕಾರು ನಜ್ಜುಗುಜ್ಜಾದರೆ, ಅದನ್ನು ಅಲ್ಲೇ ಬಿಟ್ಟು ಮನೆಗೆ ಬಂದು ನೆಮ್ಮದಿಯಾಗಿ ಊಟಮಾಡುವಷ್ಟು ಬೆಲೆಯದನ್ನೇ ಕೊಳ್ಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ರೇಸ್ ಟ್ರ್ಯಾಕಿಗೂ ಸಲ್ಲುತ್ತದೆ. ಕಾರನ್ನು ಕಳೆದುಕೊಳ್ಳುವ ಭಯವಿದ್ದವನು ಬ್ರೇಕನ್ನು ತಪ್ಪಾದ ಜಾಗದಲ್ಲಿ ತುಳಿಯುತ್ತಾನೆ; ಸಾಲ ಮಾಡಿ ಕೊಂಡವನು ಟೈರು ಸವೆದ ಮೇಲೂ ಇನ್ನೊಂದು ದಿನ ಓಡಿಸುತ್ತಾನೆ.

ಅವನು ಮಿಯಾಟಾವನ್ನೇ ಕೊಂಡ. ಮೊದಲ ದಿನ ಟ್ರ್ಯಾಕಿನಿಂದ ಹಿಂತಿರುಗಿ, “ಮಾವ, ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು” ಎಂದು ನಗುತ್ತಾ ಹೇಳಿದ. ಬರುವಾಗ ಹೆದ್ದಾರಿಯಲ್ಲಿ ಬಲಗಡೆಯ ನಿಧಾನದ ಸಾಲಿನಲ್ಲೇ ಬಂದನಂತೆ.

ತಂಗೀ, ನಿನ್ನ ಭಯ ತಪ್ಪೆಂದು ನಾನು ಹೇಳುವುದಿಲ್ಲ. ಟ್ರ್ಯಾಕಿನಲ್ಲೂ ಅಪಾಯವಿದೆ, ಅದನ್ನು ಮರೆಮಾಚಲಾರೆ. ನಾನು ಬೇಡವೆಂದಿದ್ದರೆ ಅವನು ನನಗೂ ನಿನಗೂ ಹೇಳದೆ ಆ ದೊಡ್ಡ ಕಾರನ್ನೇ ಕೊಳ್ಳುತ್ತಿದ್ದನೇನೋ. ಈಗ ಪ್ರತಿ ಬಾರಿ ಹೊರಡುವ ಮುನ್ನ, ಬ್ರೇಕ್ ಆಯಿಲ್ ಬದಲಿಸಿದ ದಿನಾಂಕವನ್ನು ನನಗೆ ಬರೆದು ಕಳಿಸುತ್ತಾನೆ. ಮನೆಪಾಠ ಒಪ್ಪಿಸುವ ವಿದ್ಯಾರ್ಥಿಯ ಮೇಲೆ ಮೇಷ್ಟರಿಗೆ ಸ್ವಲ್ಪ ನಂಬಿಕೆ ಇರಬೇಕಲ್ಲವೇ?