ಸಾರ್ವಜನಿಕ ಕಟ್ಟಡಗಳ ದರ್ಶನ

ಒಂದು ನಾಡಿನ ಇತಿಹಾಸವು ಗ್ರಂಥಗಳಲ್ಲಿ ಮಾತ್ರ ಅಡಗಿರುವುದಿಲ್ಲ. ಶಾಸನಗಳಲ್ಲಿ, ಗುಡಿಗಳಲ್ಲಿ, ಕೆರೆಗಳಲ್ಲಿ ಇರುವಂತೆಯೇ ಹಳೆಯ ಕಚೇರಿಗಳ ಗೋಡೆಗಳಲ್ಲಿಯೂ ಅದು ನೆಲೆಸಿರುತ್ತದೆ. ಹಂಪೆಗೂ ಬೇಲೂರಿಗೂ ಪ್ರವಾಸ ಹೋಗುವ ನಾವು, ನೂರು ವರ್ಷಗಳಿಗೂ ಮಿಕ್ಕಿ ಬಾಳಿದ ನಮ್ಮೂರಿನ ಕಚೇರಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅರ್ಜಿ ಕೊಡಲು ಒಳಗೆ ಹೋಗುತ್ತೇವೆ. ರಸೀದಿ ಪಡೆದು ಮರಳುತ್ತೇವೆ. ಇಂತಹ ಕಟ್ಟಡಗಳನ್ನು ಬಲ್ಲವರ ಮಾರ್ಗದರ್ಶನದಲ್ಲಿ ಜನರಿಗೆ ತೋರಿಸುವ ವ್ಯವಸ್ಥೆಯು ಊರೂರಿನಲ್ಲಿಯೂ ಆಗಬೇಕು.

ಖಾನಾಪುರ ತಾಲೂಕಿನ ಲೋಂಡಾ ಜಂಕ್ಷನ್ನನ್ನು ನೆನೆಯೋಣ. ಬೆಳಗಾವಿಯ ಕಡೆಗೆ ಒಂದು, ಧಾರವಾಡದ ಕಡೆಗೆ ಒಂದು, ಕ್ಯಾಸಲ್‌ರಾಕ್ ಮಾರ್ಗವಾಗಿ ಗೋವೆಯ ಕಡೆಗೆ ಒಂದು, ಹೀಗೆ ಮೂರು ದಾರಿಗಳು ಅಲ್ಲಿ ಕೂಡುತ್ತವೆ. ಅಲ್ಲಿಂದ ರೈಲು ಹತ್ತಿ ಧಾರವಾಡಕ್ಕೆ ಓದಲು ಹೋಗುವ ವಿದ್ಯಾರ್ಥಿಯು ಕರ್ನಾಟಕ ಕಾಲೇಜಿನ ಭವ್ಯವಾದ ಕಲ್ಲಿನ ಕಟ್ಟಡವನ್ನು ಕಾಣುತ್ತಾನೆ. ತಾನು ಬಂದ ರೈಲುದಾರಿಗೂ ಆ ಕಟ್ಟಡಕ್ಕೂ ಇರುವ ನಂಟನ್ನು ಅವನಿಗೆ ಹೇಳುವವರು ಯಾರು?

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಭೀಕರ ಕ್ಷಾಮವು ಕಾಡಿತು. ಧಾರವಾಡ, ವಿಜಾಪುರ ಸೀಮೆಗಳಲ್ಲಿ ಅಸಂಖ್ಯ ಜನರು ಅನ್ನವಿಲ್ಲದೆ ಮಡಿದರು. ಬರಗಾಲದಲ್ಲಿ ಧಾನ್ಯವನ್ನು ಸಾಗಿಸಲು ರೈಲುದಾರಿಗಳು ಬೇಕೆಂಬ ಮಾತು ಆಗ ಬಲವಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹುಟ್ಟಿಕೊಂಡಿತು. ಈ ಸೀಮೆಯ ಹತ್ತಿಯನ್ನು ಬಂದರಿಗೆ ಒಯ್ಯುವ ವ್ಯಾಪಾರದ ದೃಷ್ಟಿಯೂ ಅದರ ಹಿಂದಿತ್ತು. ಆ ಕಂಪನಿಯ ಮುಖ್ಯ ಕಚೇರಿಯೇ ಧಾರವಾಡದ ಆ ಕಟ್ಟಡ. 1908ರಲ್ಲಿ ಕಂಪನಿಯು ಮದ್ರಾಸ್ ರೈಲ್ವೆಯೊಡನೆ ಕೂಡಿಕೊಂಡಿತು. ಆಡಳಿತವು ಮದ್ರಾಸಿಗೆ ಸಾಗಿತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರ ಪ್ರಯತ್ನದಿಂದ 1917ರಲ್ಲಿ ಸ್ಥಾಪಿತವಾದ ಕಾಲೇಜು ಮುಂದೆ ಆ ಕಟ್ಟಡದಲ್ಲಿ ನೆಲೆಗೊಂಡಿತು. ವಿ. ಕೃ. ಗೋಕಾಕ, ಗಿರೀಶ ಕಾರ್ನಾಡ ಮೊದಲಾದವರು ಈ ಕಾಲೇಜಿನ ವಿದ್ಯಾರ್ಥಿಗಳು. ಹಸಿವು, ವ್ಯಾಪಾರ, ವಿದ್ಯೆ ಈ ಮೂರರ ಕಥೆಯೂ ಒಂದೇ ಸೂರಿನಡಿ ಇದೆ.

ಪರಕೀಯರ ಆಳ್ವಿಕೆಯ ಗುರುತುಗಳನ್ನು ನಾವೇಕೆ ಮೆರೆಸಬೇಕು ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ನೋಡುವುದು ಬೇರೆ, ಕೊಂಡಾಡುವುದು ಬೇರೆ. ಕಲ್ಲನ್ನು ಕಡೆದ ಕೈಗಳು ಈ ನೆಲದವು. ಗೋಡೆಯನ್ನು ಎತ್ತಿದ ಬೆವರು ಈ ನೆಲದ್ದು. ಕಮಾನುಗಳ ಚೆಲುವಿನೊಡನೆ ಕ್ಷಾಮದ ಸಂಕಟವನ್ನೂ ಹೇಳುವವನೇ ನಿಜವಾದ ಮಾರ್ಗದರ್ಶಿ. ಬರಿಯ ವೈಭವವನ್ನು ವರ್ಣಿಸಿದರೆ ಅದು ಇತಿಹಾಸವಲ್ಲ, ಹೊಗಳಿಕೆ.

ಕಚೇರಿಯ ಕೆಲಸಕ್ಕೆ ಅಡಚಣೆಯಾದೀತು ಎಂಬುದು ಇನ್ನೊಂದು ಆಕ್ಷೇಪಣೆ. ಇದಕ್ಕೆ ಉತ್ತರವು ಅನುಭವದಲ್ಲಿಯೇ ದೊರೆತಿದೆ. 1893ರಲ್ಲಿ ಪೂರ್ಣಗೊಂಡ ಮುಂಬಯಿ ನಗರಪಾಲಿಕೆಯ ಭವನದಲ್ಲಿ 2021ರಲ್ಲಿ ವಾರಾಂತ್ಯದ ದರ್ಶನವನ್ನು ಏರ್ಪಡಿಸಲಾಯಿತು. ನಮ್ಮ ವಿಧಾನಸೌಧದಲ್ಲಿಯೂ 2025ರ ಜೂನ್ ತಿಂಗಳಿನಿಂದ ರಜಾದಿನಗಳಲ್ಲಿ ಇಂತಹ ದರ್ಶನವು ಆರಂಭವಾಯಿತು. ಆಡಳಿತವೇನೂ ನಿಲ್ಲಲಿಲ್ಲ.

ಜನರು ಅರಿಯದ ಕಟ್ಟಡಕ್ಕೆ ಜನರ ರಕ್ಷಣೆಯೂ ಇರುವುದಿಲ್ಲ. 1868ರಲ್ಲಿ ಮುಗಿದ ಬೆಂಗಳೂರಿನ ಅಠಾರಾ ಕಚೇರಿಯನ್ನು ಕೆಡವುವ ಆಲೋಚನೆಯು 1980ರ ದಶಕದಲ್ಲಿ ನಡೆದಾಗ ನಾಗರಿಕರು ಎದ್ದು ನಿಂತರು. ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಕಟ್ಟಡವು ಉಳಿಯಿತು, ಇಂದಿಗೂ ಅಲ್ಲಿ ಉಚ್ಚ ನ್ಯಾಯಾಲಯವಿದೆ. ಅದರ ಬೆಲೆಯನ್ನು ಬಲ್ಲವರು ಊರಿನಲ್ಲಿ ಇದ್ದುದರಿಂದಲೇ ಇದು ಸಾಧ್ಯವಾಯಿತು. ಕೆಡವಿದ ಮೇಲೆ ಮರುಗುವುದಕ್ಕಿಂತ ನಿಂತಿರುವಾಗಲೇ ಅರಿಯುವುದು ಲೇಸು. ಆ ಅರಿವನ್ನು ಎಳೆಯರಲ್ಲಿ ಮೂಡಿಸುವ ಹೊಣೆಯು ಶಾಲೆಗೂ ಇದೆ, ಸರಕಾರಕ್ಕೂ ಇದೆ.