ಸದ್ದು ತಲುಪಿತು, ಮಾತು ತಲುಪಿತೇ?

ಕಿವಿ ಕೇಳದ ಪುಟ್ಟ ಮಗುವಿಗೆ ಯಂತ್ರವನ್ನು ಅಳವಡಿಸಿ, ಅದನ್ನು ಮೊದಲ ಬಾರಿಗೆ ಚಾಲನೆಗೊಳಿಸಿದ ದಿನದ ಛಾಯಾಚಿತ್ರಗಳು ಆಗಾಗ ಪತ್ರಿಕೆಗಳಲ್ಲಿ ಪ್ರಕಟವಾಗುತ್ತವೆ. ಮಗು ಬೆಚ್ಚಿ ಕಣ್ಣರಳಿಸಿರುತ್ತದೆ. ತಾಯಿಯ ಕಣ್ಣು ತುಂಬಿರುತ್ತದೆ. ಸುತ್ತ ನಿಂತವರ ಮುಖಗಳಲ್ಲಿ ನಗೆಯಿರುತ್ತದೆ. ಈ ಸಂತೋಷ ನ್ಯಾಯವಾದುದೇ. ಒಂದು ತಲೆಮಾರಿನ ಹಿಂದೆ ಅನುಕೂಲಸ್ಥರಿಗೂ ದುರ್ಲಭವಾಗಿದ್ದ ಸಾಧನವು ಇಂದು ಕೂಲಿ ಮಾಡುವವರ ಮಗುವಿಗೂ ದೊರೆಯುವಂತಾಗಿದೆ. ಆದರೆ ಆ ಛಾಯಾಚಿತ್ರದ ಮರುದಿನದಿಂದ ಏನಾಗುತ್ತದೆ? ಮಗುವಿಗೆ ಸದ್ದು ಕೇಳಿಸಿತು ಎಂಬುದು ದಿಟ. ಮಾತು ಅರ್ಥವಾಗುತ್ತಿದೆಯೇ? ಈ ಎರಡನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಈ ವಾರ ಅದನ್ನು ಕುರಿತು ಕೊಂಚ ವಿಚಾರ ಮಾಡೋಣ.

ಸರ್ಕಾರಗಳು ಈ ಕ್ಷೇತ್ರದಲ್ಲಿ ಕೈಕಟ್ಟಿ ಕುಳಿತಿಲ್ಲ ಎಂಬುದನ್ನು ಮೊದಲಿಗೆ ಹೇಳಬೇಕು. ಕಿವುಡುತನವನ್ನು ತಡೆಗಟ್ಟುವ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲಿ ಆರಂಭವಾಯಿತು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಪತ್ತೆಹಚ್ಚಬೇಕಾದ ದೋಷಗಳ ಪಟ್ಟಿಯಲ್ಲಿ ಶ್ರವಣದೋಷವನ್ನೂ ಸೇರಿಸಿತು. ವಿಕಲಚೇತನರಿಗೆ ಸಾಧನ ಸಲಕರಣೆಗಳನ್ನು ಒದಗಿಸುವ ಕೇಂದ್ರದ ‘ಅಡಿಪ್’ ಯೋಜನೆಯು 2014ರ ಪರಿಷ್ಕರಣೆಯ ನಂತರ, ಹುಟ್ಟಿನಿಂದಲೇ ಕೇಳಿಸದ ಐದು ವರ್ಷದೊಳಗಿನ ಮಕ್ಕಳಿಗೆ ಲಕ್ಷಾಂತರ ರೂಪಾಯಿ ಬೆಲೆಯ ಕಾಕ್ಲಿಯರ್ ಇಂಪ್ಲಾಂಟನ್ನು ಉಚಿತವಾಗಿ ನೀಡತೊಡಗಿತು. ನಮ್ಮ ರಾಜ್ಯವೂ ‘ಶ್ರವಣ ಸಂಜೀವಿನಿ’ ಎಂಬ ಹೆಸರಿನಲ್ಲಿ ಇದೇ ಹಾದಿ ಹಿಡಿದಿದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 3.4 ಕೋಟಿ ಮಕ್ಕಳು ಚಿಕಿತ್ಸೆ ಅಥವಾ ಪುನರ್ವಸತಿಯ ಅಗತ್ಯವಿರುವಷ್ಟು ಶ್ರವಣದೋಷ ಉಳ್ಳವರು. ಆದ್ದರಿಂದ ಈ ಯಾವ ಪ್ರಯತ್ನವೂ ಹೆಚ್ಚಾಯಿತು ಎನ್ನುವಂತಿಲ್ಲ.

ಆದರೂ ಇಂತಹ ಯೋಜನೆಗಳ ಸುದ್ದಿಯಲ್ಲಿ ನಾವು ಓದುವುದು ಬಹುಮಟ್ಟಿಗೆ ಸಂಖ್ಯೆಗಳನ್ನು: ಎಷ್ಟು ಶಸ್ತ್ರಚಿಕಿತ್ಸೆ, ಎಷ್ಟು ಯಂತ್ರ, ಎಷ್ಟು ಲಕ್ಷ. ಕೊಟ್ಟದ್ದರ ಲೆಕ್ಕ ಸುಲಭ. ಮಗುವಿಗೆ ದಕ್ಕಿದ್ದರ ಲೆಕ್ಕ ಕಷ್ಟ.

ಬಾಳೆಲೆಯ ಪಾಠ

ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುವುದು ಉಚಿತ. ಕೆಲವು ವರ್ಷಗಳ ಹಿಂದೆ ಧರ್ಮೋಪದೇಶದ ತರಗತಿಗೆ ಎಂಟೊಂಬತ್ತು ವರ್ಷದ ಬಾಲಕನೊಬ್ಬ ಬರುತ್ತಿದ್ದ. ಎರಡೂ ಕಿವಿಗಳಿಗೆ ಯಂತ್ರವಿತ್ತು. ಏನು ಕೇಳಿದರೂ ‘ಹೌದು ಫಾದರ್’ ಎಂದು ತಲೆಯಾಡಿಸುತ್ತಿದ್ದ. ವಿಧೇಯ ಹುಡುಗನೆಂದು ಮೊದಲು ಮೆಚ್ಚಿದೆವು. ಹೇಳಿದ್ದನ್ನು ಮಾಡದಿದ್ದಾಗ ಉದಾಸೀನನೆಂದು ಬೇಸರಗೊಂಡೆವು. ಒಂದು ದಿನ ಕರಿಹಲಗೆಯ ಮೇಲೆ ಬರೆಯುತ್ತಲೇ, ‘ಮುಂದಿನ ವಾರ ಬರುವಾಗ ಎಲ್ಲರೂ ಒಂದೊಂದು ಹಾಳೆ ತನ್ನಿ’ ಎಂದೆವು. ಮುಂದಿನ ವಾರ ಉಳಿದ ಮಕ್ಕಳು ಚಿತ್ರ ಬರೆಯಲು ಕಾಗದ ತಂದರು. ಈ ಹುಡುಗ ಮನೆಯ ಹಿತ್ತಿಲಿನಿಂದ ಎಳೆಯ ಬಾಳೆಲೆಯೊಂದನ್ನು ಕೊಯ್ದು, ಹರಿಯದಂತೆ ಸುತ್ತಿಕೊಂಡು ಬಂದಿದ್ದ. ತರಗತಿ ಗೊಳ್ಳೆಂದು ನಕ್ಕಿತು. ಕುಚೇಷ್ಟೆಯೆಂದು ಭಾವಿಸಿ ನಾವು ಅವನನ್ನು ಗದರಿದೆವು.

ಸಂಜೆ ತಾಯಿ ಬಂದರು. ಕೈಯಲ್ಲಿ ಆಸ್ಪತ್ರೆಯ ಕಾಗದವಿತ್ತು. ‘ಇವನಿಗೆ ಕೇಳಿಸುತ್ತದೆ ಫಾದರ್, ಟೆಸ್ಟಿನಲ್ಲಿ ಎಲ್ಲ ಸರಿಯಾಗಿದೆ. ಮನೆಯಲ್ಲೂ ಹೀಗೆಯೇ ಮಾಡುತ್ತಾನೆ. ನಾನೂ ಹೊಡೆದಿದ್ದೇನೆ’ ಎಂದರು. ಕಾಗದದಲ್ಲಿದ್ದ ರೇಖಾಚಿತ್ರ ನಿಜಕ್ಕೂ ಚೆನ್ನಾಗಿಯೇ ಇತ್ತು. ಯಂತ್ರ ಧರಿಸಿದಾಗ ಮೆಲ್ಲನೆಯ ಸದ್ದುಗಳೂ ಅವನಿಗೆ ತಲುಪುತ್ತಿದ್ದವು. ‘ಹಾಳೆ’ಗೂ ‘ಬಾಳೆ’ಗೂ ಇರುವ ಅಂತರ ಮಾತ್ರ ತಲುಪಿರಲಿಲ್ಲ. ಎದುರು ನಿಂತು ಹೇಳಿದ್ದರೆ ನಮ್ಮ ತುಟಿಗಳನ್ನಾದರೂ ನೋಡುತ್ತಿದ್ದ. ‘ಬ’ಕಾರಕ್ಕೆ ತುಟಿ ಮುಚ್ಚುತ್ತದೆ, ‘ಹ’ಕಾರಕ್ಕೆ ಮುಚ್ಚುವುದಿಲ್ಲ. ನಾವು ಬೆನ್ನು ತಿರುಗಿಸಿದ್ದೆವು.

ಸೆಮಿನರಿಯಲ್ಲಿ ತತ್ವಶಾಸ್ತ್ರವನ್ನು ಓದುವಾಗ, ಇಂದ್ರಿಯಕ್ಕೆ ವಿಷಯ ತಾಗುವುದು ಬೇರೆ, ಬುದ್ಧಿಗೆ ಅರ್ಥ ಹೊಳೆಯುವುದು ಬೇರೆ ಎಂದು ನಾವು ಪುಟಗಟ್ಟಲೆ ಬರೆದವರು. ಆ ಪಾಠವನ್ನು ನಿಜವಾಗಿ ಕಲಿಸಿದ್ದು ಒಂದು ಬಾಳೆಲೆ.

ನಾಲ್ಕು ಮೆಟ್ಟಿಲು

ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಮಾಡುವ ಮೊದಲ ಪರೀಕ್ಷೆ ಶುದ್ಧ ನಾದಗಳದ್ದು. ಯಂತ್ರವೊಂದು ‘ಪೀ’ ಎಂದು ಸದ್ದು ಮಾಡುತ್ತದೆ. ಕೇಳಿಸಿದಾಗ ಮಗು ಒಂದು ಮಣಿಯನ್ನು ಡಬ್ಬಕ್ಕೆ ಹಾಕುತ್ತದೆ. ಎಷ್ಟು ಮೆಲ್ಲನೆಯ ಸದ್ದಿನವರೆಗೆ ಕೇಳಿಸುತ್ತದೆ ಎಂಬುದನ್ನು ಡೆಸಿಬೆಲ್ ಲೆಕ್ಕದಲ್ಲಿ ಗುರುತಿಸಿ ಎಳೆದ ರೇಖಾಚಿತ್ರವೇ ಆಡಿಯೋಗ್ರಾಂ. ಇದು ಅವಶ್ಯಕ, ಆದರೆ ಇದು ಮನೆಯ ಹೊಸ್ತಿಲು ಮಾತ್ರ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ವ್ಯಾಖ್ಯೆಯೂ ಇದೇ ಹೊಸ್ತಿಲಿನಲ್ಲಿ ನಿಲ್ಲುತ್ತದೆ: ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ಕಿವುಡು, 60ರಿಂದ 70 ಇದ್ದರೆ ಮಂದಶ್ರವಣ. ಕಾನೂನಿಗೆ ಒಂದು ಗಡಿರೇಖೆ ಬೇಕು, ಒಪ್ಪೋಣ. ಆದರೆ ಡೆಸಿಬೆಲ್ ಎನ್ನುವುದು ಸದ್ದಿನ ಅಳತೆಯೇ ಹೊರತು ಮಾತಿನ ಅಳತೆಯಲ್ಲ.

ಮಾತನ್ನು ಗ್ರಹಿಸುವ ಹಾದಿಯಲ್ಲಿ ನಾಲ್ಕು ಮೆಟ್ಟಿಲುಗಳಿವೆ ಎಂದು ನಾರ್ಮನ್ ಎರ್ಬರ್ ಎಂಬ ವಿದ್ವಾಂಸರು ವಿಂಗಡಿಸಿದ್ದಾರೆ. ಸದ್ದು ಇದೆಯೋ ಇಲ್ಲವೋ ಎಂದು ಅರಿಯುವುದು ಮೊದಲನೆಯದು. ಎರಡು ಸದ್ದುಗಳು ಬೇರೆ ಬೇರೆ ಎಂದು ತಿಳಿಯುವುದು ಎರಡನೆಯದು. ಕೇಳಿದ ಪದ ಇಂಥದೇ ಎಂದು ಗುರುತಿಸುವುದು ಮೂರನೆಯದು. ಹೇಳಿದ್ದರ ಅರ್ಥವನ್ನು ತಿಳಿದು ಉತ್ತರಿಸುವುದು ನಾಲ್ಕನೆಯದು. ನಮ್ಮ ಹುಡುಗ ಮೊದಲ ಮೆಟ್ಟಿಲನ್ನು ಹತ್ತಿದ್ದ. ನಾವೆಲ್ಲರೂ ಅವನು ಮಹಡಿಯಲ್ಲಿದ್ದಾನೆಂದು ಭಾವಿಸಿದ್ದೆವು.

ಹೀಗೇಕೆ ಆಗುತ್ತದೆ? ಸಹಜವಾದ ಒಳಕಿವಿಯಲ್ಲಿ ಸದ್ದನ್ನು ನರಕ್ಕೆ ದಾಟಿಸುವ ಸುಮಾರು 3,500 ಒಳಸಾಲಿನ ರೋಮಕೋಶಗಳಿವೆ. ಇಂಪ್ಲಾಂಟಿನಲ್ಲಿ ಆ ಕೆಲಸವನ್ನು ಮಾಡುವ ವಿದ್ಯುದ್ವಾರಗಳು ಸುಮಾರು ಹನ್ನೆರಡರಿಂದ ಇಪ್ಪತ್ತೆರಡು. ಸೂಕ್ಷ್ಮವಾದ ಕಸೂತಿಯನ್ನು ಗೋಣಿದಾರದಿಂದ ಹೊಲಿದಂತೆ. 1978ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಗ್ರೇಮ್ ಕ್ಲಾರ್ಕ್ ಅವರು ಬಹುವಾಹಿನಿಯ ಇಂಪ್ಲಾಂಟನ್ನು ಅಳವಡಿಸಿದರು. 1990ರಲ್ಲಿ ಅಮೆರಿಕದ ಸರ್ಕಾರ ಅದನ್ನು ಮಕ್ಕಳಿಗೆ ಬಳಸಲು ಒಪ್ಪಿಗೆ ನೀಡಿತು. ಇಷ್ಟು ಒರಟು ಎಳೆಗಳಿಂದಲೂ ಮಗುವಿನ ಮಿದುಳು ಮಾತನ್ನು ನೇಯಬಲ್ಲದು ಎಂಬುದು ನಿಜವಾದ ಅದ್ಭುತ. ಆದರೆ ಆ ನೇಯ್ಗೆಗೆ ಎಳೆಯ ವಯಸ್ಸು ಬೇಕು, ವರ್ಷಗಟ್ಟಲೆ ಅಭ್ಯಾಸ ಬೇಕು. ನೇಯ್ಗೆ ಎಲ್ಲಿ ಹರಿದಿದೆಯೆಂದು ಆಗಾಗ ನೋಡುವವರೂ ಬೇಕು.

ಹಾಗೆ ನೋಡುವ ವಿಧಾನಗಳಿವೆ. ಅತ್ಯಂತ ಸರಳವಾದುದು ಡೇನಿಯಲ್ ಲಿಂಗ್ ಎಂಬವರು ರೂಪಿಸಿದ ಆರು ಧ್ವನಿಗಳ ಪರೀಕ್ಷೆ: ಆ, ಈ, ಊ, ಮ್, ಸ್, ಶ್. ಮಾತಿನ ತಗ್ಗಿನ ಸ್ವರದಿಂದ ಏರು ಸ್ವರದವರೆಗಿನ ಹರವನ್ನು ಈ ಆರು ಧ್ವನಿಗಳು ಪ್ರತಿನಿಧಿಸುತ್ತವೆ. ತಾಯಿ ಮಗುವಿನ ಹಿಂದೆ ಕುಳಿತು ಇವನ್ನು ಹೇಳಬೇಕು, ಮಗು ತಿರುಗಿ ಹೇಳಬೇಕು. ಪ್ರತಿದಿನ ಬೆಳಿಗ್ಗೆ ಎರಡು ನಿಮಿಷ ಸಾಕು. ನಿನ್ನೆ ಹೇಳಿದ ‘ಸ್’ ಇಂದು ಬಾರದಿದ್ದರೆ, ಮಗುವನ್ನು ಗದರುವ ಮುನ್ನ ಬ್ಯಾಟರಿಯನ್ನು ನೋಡಬೇಕು.

ಮುಂದಿನದು ಚಿತ್ರಗಳ ಪರೀಕ್ಷೆ. ಕಾಲು, ಹಾಲು, ಬಾಲ, ಮಾಲೆ ಎಂಬ ನಾಲ್ಕು ಚಿತ್ರಗಳನ್ನಿಟ್ಟು, ಬಾಯಿ ಕಾಣದಂತೆ ‘ಹಾಲು’ ಎಂದರೆ ಮಗು ತೋರಿಸಬೇಕು. ಇಲ್ಲೊಂದು ಎಚ್ಚರ ಬೇಕು: ನಾಲ್ಕು ಚಿತ್ರಗಳಿರುವಾಗ ಏನೂ ಕೇಳಿಸದ ಮಗುವೂ ಊಹೆಯಿಂದಲೇ ನೂರಕ್ಕೆ ಇಪ್ಪತ್ತೈದು ಸರಿ ಉತ್ತರ ಕೊಟ್ಟೀತು. ಆದ್ದರಿಂದ ಚಿತ್ರಗಳ ಆಸರೆಯಿಲ್ಲದೆ ಕೇಳಿದ ಪದವನ್ನು, ಅನಂತರ ವಾಕ್ಯವನ್ನು, ತಿರುಗಿ ಹೇಳಿಸುವುದು ಮುಂದಿನ ಹಂತ. ಹಾಗೆ ದೊರೆತ ಅಂಕವೇ ಮಾತಿನ ಗ್ರಹಿಕೆಗೆ ಹೆಚ್ಚು ಸಮೀಪದ ಸಾಕ್ಷಿ.

ಯಾವ ಭಾಷೆಯಲ್ಲಿ, ಯಾವ ಕೋಣೆಯಲ್ಲಿ?

ನಮ್ಮ ಕರಾವಳಿಯ ಕುಟುಂಬಗಳಿಗೆ ವಿಶೇಷವಾಗಿ ಸಂಬಂಧಿಸಿದ ಮಾತು ಇನ್ನು ಮುಂದಿದೆ. ಇಂಗ್ಲಿಷಿನ ಎಳೆಯ ಮಕ್ಕಳಿಗೆಂದು ಐವತ್ತು ಪದಗಳ ಪಟ್ಟಿಗಳು 1949ರಲ್ಲಿಯೇ ಸಿದ್ಧವಾಗಿದ್ದವು. ಕನ್ನಡದ ಮಕ್ಕಳಿಗಾಗಿ ಪದಪಟ್ಟಿ, ಚಿತ್ರಪಟ ಮತ್ತು ವಾಕ್ಯಪಟ್ಟಿಗಳನ್ನು ರೂಪಿಸುವ ಕೆಲಸ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನಡೆದಿದೆ. ಅದಕ್ಕೆ ನಾಡು ಋಣಿ. ಪಟ್ಟಿಯನ್ನು ಭಾಷಾಂತರಿಸಿದರೆ ಸಾಲದು, ಏಕೆಂದರೆ ಪ್ರತಿ ಭಾಷೆಯೂ ತನ್ನ ಅರ್ಥವನ್ನು ಬೇರೆ ಬೇರೆ ಮೂಲೆಯಲ್ಲಿ ಇಟ್ಟಿರುತ್ತದೆ. ಕನ್ನಡದಲ್ಲಿ ‘ಬಳೆ’ಗೂ ‘ಬಾಳೆ’ಗೂ ವ್ಯತ್ಯಾಸ ಸ್ವರದ ಉದ್ದದಲ್ಲಿದೆ, ‘ಹಳಿ’ಗೂ ‘ಹಳ್ಳಿ’ಗೂ ವ್ಯತ್ಯಾಸ ಒತ್ತಿನಲ್ಲಿದೆ. ‘ಮನೆಗೆ’, ‘ಮನೆಯಿಂದ’, ‘ಮನೆಯಲ್ಲಿ’ ಎಂಬಲ್ಲಿ ಅರ್ಥವೆಲ್ಲ ಪದದ ಬಾಲದಲ್ಲಿದೆ, ಅದನ್ನೇ ನಾವು ಮೆಲ್ಲನೆ ನುಂಗಿ ಆಡುತ್ತೇವೆ. ‘ಮನೆ’ ಎಂದಷ್ಟೇ ಕೇಳಿದ ಮಗು ಹೋಗಬೇಕೋ ಬರಬೇಕೋ ಎಂದು ಹೇಗೆ ತಿಳಿದೀತು?

ಕೊಂಕಣಿಯಲ್ಲಿ ‘ಆಯ್ಲೊ’, ‘ಆಯ್ಲಿ’, ‘ಆಯ್ಲೆಂ’ ಎಂಬ ಕೊನೆಯ ಸ್ವರವೇ ಬಂದವರು ಯಾರೆಂದು ತಿಳಿಸುತ್ತದೆ. ಅನುನಾಸಿಕ ಸ್ವರಗಳು ಬೇರೆ. ನಮ್ಮ ಎಷ್ಟೋ ಮನೆಗಳಲ್ಲಿ ಮಗು ಅಡುಗೆಮನೆಯಲ್ಲಿ ಕೊಂಕಣಿ, ಅಂಗಳದಲ್ಲಿ ತುಳು, ಆಸ್ಪತ್ರೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಕೇಳುತ್ತದೆ. ‘ಉದಾಕ್’, ‘ದೂದ್’ ಎಂದು ಕಲಿತ ಮಗುವನ್ನು ‘ನೀರು’, ‘ಹಾಲು’ ಎಂದು ಪರೀಕ್ಷಿಸಿ ಅಂಕ ಕಡಿಮೆ ಬಂತೆಂದರೆ, ಸೋತದ್ದು ಕಿವಿಯೋ ಶಬ್ದಭಂಡಾರವೋ? ಪರೀಕ್ಷಿಸುವವರಿಗೆ ಮನೆಯ ಭಾಷೆ ಯಾವುದೆಂದು ತಿಳಿಸುವುದು ಹೆತ್ತವರ ಕರ್ತವ್ಯ. ಬೇಕಾದರೆ ಮಗುವಿಗೆ ಗೊತ್ತಿರುವ ಪದಗಳನ್ನು ಬರೆದುಕೊಂಡೇ ಹೋಗಲಿ. ಇಂಗ್ಲಿಷ್ ಶಾಲೆಗೆ ಸೇರಿಸುವ ಅವಸರದಲ್ಲಿ, ತಾಯಿ ಲೀಲಾಜಾಲವಾಗಿ ಆಡುವ ಭಾಷೆಯನ್ನೇ ಮಗುವಿನಿಂದ ಕಿತ್ತುಕೊಳ್ಳುವುದು ವಿವೇಕವಲ್ಲವೆಂದೂ ನಮಗೆ ತೋರುತ್ತದೆ.

ಇನ್ನು ಕೋಣೆಯ ವಿಷಯ. ಪರೀಕ್ಷೆ ನಡೆಯುವುದು ಸದ್ದಡಗಿಸಿದ ಕೋಣೆಯಲ್ಲಿ. ಮಗು ಬದುಕುವುದು ಗದ್ದಲದಲ್ಲಿ. ಬಯಲಿನಲ್ಲಿ ಮಾತನಾಡುವವರ ದೂರ ಇಮ್ಮಡಿಯಾದಂತೆ ಧ್ವನಿ 6 ಡೆಸಿಬೆಲ್‌ನಷ್ಟು ತಗ್ಗುತ್ತದೆ. ಪಾಠದ ಧ್ವನಿ ಸುತ್ತಲಿನ ಗದ್ದಲಕ್ಕಿಂತ 15 ಡೆಸಿಬೆಲ್‌ನಷ್ಟಾದರೂ ಮೇಲಿರಬೇಕೆಂಬುದು ತಜ್ಞರ ಮಾತು. ಹೆಂಚಿನ ಮೇಲೆ ಮಳೆ ಹೊಯ್ಯುವ ಜುಲೈ ತಿಂಗಳಿನಲ್ಲಿ, ಅರುವತ್ತು ಮಕ್ಕಳ ತರಗತಿಯಲ್ಲಿ, ಇದು ಎಲ್ಲಿಂದ ಬರಬೇಕು? ಎತ್ತರದ ಮಾಡಿನ ನಮ್ಮ ಇಗರ್ಜಿಗಳಲ್ಲಿ ಧ್ವನಿವರ್ಧಕದ ಮಾತು ಗೋಡೆಯಿಂದ ಗೋಡೆಗೆ ಬಡಿದು ಒಂದರ ಮೇಲೊಂದು ಬೀಳುತ್ತದೆ. ಅಲ್ಲಿ ಸದ್ದು ಹೆಚ್ಚಿಸಿದರೆ ಪ್ರತಿಧ್ವನಿಯೂ ಹೆಚ್ಚುತ್ತದೆ. ಆದ್ದರಿಂದ ಗದ್ದಲದ ನಡುವೆಯೂ ಮಗುವಿನ ಗ್ರಹಿಕೆಯನ್ನು ಪರೀಕ್ಷಿಸುವಂತೆ ಕೇಳಬೇಕು. ಶಿಕ್ಷಕರ ಧ್ವನಿಯನ್ನು ನೇರವಾಗಿ ಯಂತ್ರಕ್ಕೆ ಕಳುಹಿಸುವ ಪುಟ್ಟ ಮೈಕುಗಳೂ ಈಗ ಇವೆ. ಮೈಕು ಇಲ್ಲದೆಡೆ ಮುಂದಿನ ಬೆಂಚು, ಎದುರುಮುಖದ ಮಾತು, ಮುಚ್ಚಿದ ಕಿಟಕಿ. ಇವಕ್ಕೆ ಕಾಸು ಬೇಕಿಲ್ಲ.

ಅಂಕ ಯಾರದ್ದು?

ಒಂದು ಅಪಾಯವನ್ನೂ ಮರೆಯಬಾರದು. ಪರೀಕ್ಷೆ ಎಂದೊಡನೆ ನಮ್ಮ ಜನರ ಮನಸ್ಸು ಉತ್ತೀರ್ಣ, ಅನುತ್ತೀರ್ಣಗಳ ಕಡೆಗೆ ಓಡುತ್ತದೆ. ಈ ಪರೀಕ್ಷೆಯಲ್ಲಿ ಅಂಕ ಬೀಳುವುದು ಮಗುವಿಗಲ್ಲ. ಯಂತ್ರಕ್ಕೆ, ಅದನ್ನು ಹೊಂದಿಸಿದ ರೀತಿಗೆ, ತರಗತಿಗೆ, ನಮಗೆ. ಅಂಕ ಕಡಿಮೆಯಾದರೆ ಯಂತ್ರವನ್ನು ಮರುಹೊಂದಿಸಬೇಕು, ತರಬೇತಿಯನ್ನು ಹೆಚ್ಚಿಸಬೇಕು. ಹಾಗೆಲ್ಲ ಮಾಡಿಯೂ ಮಾತು ದಕ್ಕದ ಮಕ್ಕಳಿದ್ದಾರೆ. ಅವರಿಗೆ ಸಂಜ್ಞಾಭಾಷೆ ಸೋಲಿನ ಗುರುತಲ್ಲ. ಅದೂ ಪೂರ್ಣವಾದ ಭಾಷೆ. ಭಾರತೀಯ ಸಂಜ್ಞಾಭಾಷೆಗೆಂದೇ 2015ರಲ್ಲಿ ದೆಹಲಿಯಲ್ಲಿ ಕೇಂದ್ರವೊಂದು ಸ್ಥಾಪನೆಯಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದನ್ನು ದೇಶದಾದ್ಯಂತ ಏಕರೂಪಗೊಳಿಸುವ ಮಾತನಾಡಿದೆ. ಮಗುವಿಗೆ ಯಾವುದಾದರೊಂದು ಭಾಷೆ ಸಕಾಲದಲ್ಲಿ ಪೂರ್ಣವಾಗಿ ದೊರೆಯಬೇಕು. ಅದು ದೊರೆಯುತ್ತಿದೆಯೇ ಇಲ್ಲವೇ ಎಂದು ತಿಳಿಯದೆ ಹೋಗುವುದೇ ದೊಡ್ಡ ಅನ್ಯಾಯ.

ಆದುದರಿಂದ ಯಂತ್ರ ಕೊಡುವ ಯೋಜನೆಗಳು ಪ್ರತಿ ಮಗುವಿನ ಮಾತಿನ ಗ್ರಹಿಕೆಯನ್ನು, ಅದರ ಮನೆಭಾಷೆಯಲ್ಲಿ, ವರ್ಷಕ್ಕೊಮ್ಮೆಯಾದರೂ ಅಳೆದು, ಆ ಲೆಕ್ಕವನ್ನೂ ಜನರ ಮುಂದಿಡಬೇಕೆಂದು ನಾವು ಆಗ್ರಹಿಸಬೇಕಾಗಿದೆ. ಹೆತ್ತವರು ಆಡಿಯೋಗ್ರಾಂ ಹಿಡಿದು ಮರಳುವ ಮುನ್ನ ‘ಮಾತಿನ ಪರೀಕ್ಷೆ ಮಾಡಿದಿರಾ?’ ಎಂದು ಕೇಳಲು ಸಂಕೋಚಪಡಬಾರದು.

ಆ ಹುಡುಗನ ಕಥೆ ಮುಗಿಸಬೇಕು. ತಾಯಿ ಅವನನ್ನು ಮತ್ತೆ ಶ್ರವಣತಜ್ಞರ ಬಳಿಗೆ ಕರೆದೊಯ್ದರು. ನಾವು ಅವನಲ್ಲಿ ಕ್ಷಮೆ ಕೇಳಿ, ಮುಂದಿನ ಬೆಂಚಿನಲ್ಲಿ ಕೂರಿಸಿದೆವು. ‘ಕೇಳಿಸಿತೇ?’ ಎಂದು ಕೇಳುವುದನ್ನು ಬಿಟ್ಟು, ‘ನಾನು ಏನು ಹೇಳಿದೆ, ಹೇಳು ನೋಡೋಣ’ ಎಂದು ಕೇಳತೊಡಗಿದೆವು. ಕೆಲವು ವಾರ ಅವನು ಹಳೆಯ ಅಭ್ಯಾಸದಂತೆ ‘ಹೌದು ಫಾದರ್’ ಎಂದೇ ನಗುತ್ತಿದ್ದ. ಒಂದು ಭಾನುವಾರ ಮಾತ್ರ ನಮ್ಮ ಮುಖವನ್ನು ನೇರವಾಗಿ ನೋಡಿ, ‘ಇಲ್ಲ ಫಾದರ್, ಗೊತ್ತಾಗಲಿಲ್ಲ. ಇನ್ನೊಮ್ಮೆ ಹೇಳಿ’ ಎಂದ. ಅಂದು ತರಗತಿಯಲ್ಲಿ ಯಾರೂ ನಗಲಿಲ್ಲ. ನಾವು ಕರಿಹಲಗೆಗೆ ಬೆನ್ನು ಮಾಡಿ, ಅವನ ಎದುರು ನಿಂತು, ಇನ್ನೊಮ್ಮೆ ಹೇಳಿದೆವು.